ಪಕ್ಕದಲ್ಲೇ ಗಡಿ, ಎದುರಿಗೆ ಮನೆಗಳು: ಕ್ವಾರಿಗೆ ಎಷ್ಟು ಅಂತರ ಬಿಡಬೇಕು? ಅನುಭವ ಇರುವವರು ಹೇಳಿ

ಪ್ರಶ್ನೆ: ಕಲ್ಲು ಕ್ವಾರಿಗೆ ಪ್ಲಾನ್ ಮಾಡ್ತಾ ಇದ್ದೇವೆ. ಒಂದು ಕಡೆ ಬೇರೆಯವರ ಜಮೀನು ಅಂಟಿಕೊಂಡೇ ಇದೆ. ಇನ್ನೊಂದು ಕಡೆ ಸುಮಾರು 200 ಮೀಟರ್ ದೂರದಲ್ಲಿ ಮನೆಗಳಿವೆ. ನಿಯಮದಲ್ಲಿ ಹೇಳಿದಷ್ಟು ಬಿಟ್ಟರೆ ಸಾಕಾ?

ಸರ್ವೆ ಕೆಲಸದವರು: ನಿಯಮ ಹೇಳೋದು ಇದಕ್ಕಿಂತ ಕಡಿಮೆ ಬಿಡಬೇಡಿ ಅಂತ ಅಷ್ಟೇ. ಉದಾಹರಣೆಗೆ ಭಾರತದ 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಗಡಿಗೆ 7.5 ಮೀಟರ್ ಇದೆ. ಬೇರೆಯವರ ಕಟ್ಟಡ, ಸಾರ್ವಜನಿಕ ರಸ್ತೆ, ರೈಲು ಹಳಿಯಿಂದ 45 ಮೀಟರ್ ಒಳಗೆ ಹೋಗಬೇಕಾದರೆ ಮೊದಲೇ ಅನುಮತಿ ಬೇಕು. ಆದರೆ ನಿಮ್ಮಲ್ಲಿ ಬಂಡೆ ಮೇಲೆ ಮಣ್ಣು ಎಷ್ಟು ದಪ್ಪ ಇದೆ? ಆರು ಮೀಟರ್ ಇದ್ದು, ಅದು ಒಂದಕ್ಕೆ ಒಂದೂವರೆ ಇಳಿಜಾರಿಗೆ (ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಅಡ್ಡ) ಜಾರಿ ನಿಂತಿತು ಅಂದ್ಕೊಳ್ಳಿ. ಒಂಬತ್ತು ಮೀಟರ್ ಹಿಂದಕ್ಕೆ ತಿಂದುಬಿಡುತ್ತೆ. ಬಂಡೆಯನ್ನ ಗಡಿಯಿಂದ ಏಳೂವರೆಗೇ ಕಡಿದಿದ್ದರೆ ಪಕ್ಕದವರ ಬೇಲಿ ನಿಮ್ಮ ಹೊಂಡದಲ್ಲಿ!

ಅಂತರವನ್ನ ಇವತ್ತಿನ ಅಂಚಿನಿಂದ ಅಳೀಬೇಡಿ. ಗಣಿ ಮುಗಿಯೋ ಹೊತ್ತಿಗೆ ಮೇಲಂಚು ಎಲ್ಲಿರುತ್ತೆ ಅಂತ ನಕ್ಷೆಯಲ್ಲಿ ಎಳೆದು ಅಲ್ಲಿಂದ ಅಳೀರಿ. ಹೊಂಡ 30 ಮೀಟರ್ ಆಳ, ಒಟ್ಟಾರೆ ಇಳಿಜಾರು 45 ಡಿಗ್ರಿ ಅಂದ್ರೆ ತಳದ ಅಂಚಿಗೂ ಮೇಲಂಚಿಗೂ ಅಡ್ಡಲಾಗಿ 30 ಮೀಟರ್ ವ್ಯತ್ಯಾಸ. ಕೆಲಸ ಶುರುವಾಗೋ ಮೊದಲೇ ಬಾಂದುಕಲ್ಲು ಹುಡುಕಿಸಿ, ಪಕ್ಕದವರನ್ನೂ ಕರೆದು ಅವರೆದುರೇ ಗುರುತು ಹಾಕಿಸಿ.

ಬ್ಲಾಸ್ಟಿಂಗ್ ಮಾಡುವವರು: ಮೇಲಿನವರು ಹೇಳಿದ್ದು ಗಡಿಗೆ. ಮನೆಗಳಿಗೆ ಲೆಕ್ಕ ಬೇರೆ. ಕುಳಿಗಳನ್ನ ಒಟ್ಟಿಗೇ ಸಿಡಿಸದೆ ಕ್ಷಣದ ಅಂತರ ಕೊಟ್ಟು ಸಿಡಿಸ್ತೀವಿ, ಆ ಒಂದೊಂದು ಸರದಿಗೆ ಡಿಲೇ ಅಂತೀವಿ. ಅಲ್ಲಿ ಮೀಟರ್ ಜೊತೆ ಒಂದೊಂದು ಡಿಲೇಗೆ ಎಷ್ಟು ಕೆಜಿ ಮದ್ದು ಸಿಡಿಯುತ್ತೆ ಅನ್ನೋದೂ ಸೇರುತ್ತೆ. ದೂರ ಅರ್ಧ ಆದ್ರೆ ಮದ್ದು ಕಾಲು ಭಾಗಕ್ಕೆ ಇಳಿಸಬೇಕು. ಕಂಪನ ಅಳೆಯೋ ಯಂತ್ರ (ಸೀಸ್ಮೋಗ್ರಾಫ್) ಇಡದೆ ಸಿಡಿಸೋರಿಗೆ ಅಮೆರಿಕದ ಕಲ್ಲಿದ್ದಲು ಗಣಿ ನಿಯಮದಲ್ಲಿ ಒಂದು ಸೂತ್ರ ಇದೆ. ಅದನ್ನ ಮೀಟರ್, ಕೆಜಿಗೆ ತಿರುಗಿಸಿದ್ರೆ 200 ಮೀಟರ್‌ಗೆ ಡಿಲೇಗೆ ಸುಮಾರು 64 ಕೆಜಿ, 100 ಮೀಟರ್‌ಗೆ 16 ಕೆಜಿ ಬರುತ್ತೆ. ನಿಮ್ಮ ಬಂಡೆಗೆ ಇದೇ ಹೊಂದುತ್ತೆ ಅಂತಿಲ್ಲ. ಮೊದಲು ಚಿಕ್ಕ ಬ್ಲಾಸ್ಟ್ ಮಾಡಿ, ಮನೆ ಬುಡದಲ್ಲೇ ಸೀಸ್ಮೋಗ್ರಾಫ್ ಇಟ್ಟು ನೋಡಿ.

ನನ್ನ ಕೇಳಿದ್ರೆ ಕಂಪನಕ್ಕಿಂತ ಹೆದರಬೇಕಾದ್ದು ಹಾರೋ ಕಲ್ಲಿಗೆ. ಕುಳಿ ಬಾಯಿಗೆ ಸ್ಟೆಮ್ಮಿಂಗ್ (ಮದ್ದಿನ ಮೇಲೆ ತುಂಬಿ ಮುಚ್ಚೋದು) ಕಮ್ಮಿ ಆದ್ರೆ, ಮುಂದಿನ ಬರ್ಡನ್ (ಕುಳಿಗೂ ಬಂಡೆ ಮುಖಕ್ಕೂ ನಡುವಿನ ಕಲ್ಲು) ತೆಳುವಾಗಿದ್ರೆ, ಬಂಡೆ ಮಧ್ಯೆ ಮಣ್ಣಿನ ಪದರ ಇದ್ರೆ ಕಲ್ಲು ಎಲ್ಲಿಗೆ ಬೇಕಾದ್ರೂ ಹೋಗುತ್ತೆ. 100 ಮಿಲಿಮೀಟರ್ ಕುಳಿಗೆ ಎರಡೂವರೆ ಮೀಟರ್ ಆದ್ರೂ ತುಂಬಿಸ್ತೀನಿ. ಡ್ರಿಲ್ ಪುಡಿ ಅಲ್ಲ, ಜಲ್ಲಿ ಚೂರು. ಪುಡಿ ಹಾಕಿದ್ರೆ ಕುಳಿ ಅದನ್ನ ಉಗುಳಿಬಿಡುತ್ತೆ. ಬೆಂಚ್ (ಮೆಟ್ಟಿಲಿನ ಹಾಗೆ ಕಡಿಯೋ ಹಂತ) ಮುಖ ಮನೆಗಳ ಕಡೆ ತಿರುಗಿರಬಾರದು.

ಕ್ವಾರಿ ಪಕ್ಕ ಮನೆ ಇರುವವರು: ನಮ್ಮ ಕಡೆಯಿಂದ ಒಂದು ಮಾತು. ಮೊದಲ ಬ್ಲಾಸ್ಟ್‌ಗೆ ಮುಂಚೆ ಎಲ್ಲಾ ಮನೆಗಳ ಬಿರುಕು ಫೋಟೋ ತೆಗೆಸಿ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ, ಪಕ್ಕದಲ್ಲೇ ತಾರೀಖು, ಮನೆಯವರ ಸಹಿ. ಗೋಡೆಗೆ ಹಾನಿ ಆಗೋ ಮಟ್ಟಕ್ಕಿಂತ ಎಷ್ಟೋ ಕಡಿಮೆ ನಡುಕವೇ ಮೈಗೆ ಗೊತ್ತಾಗುತ್ತೆ, ಕಿಟಕಿ ಗಾಜು ಗಾಳಿ ಒತ್ತಡಕ್ಕೇ ಗಡಗಡ ಅನ್ನುತ್ತೆ. ಬಿಸಿಲಿಗೆ, ಮಣ್ಣು ಒಣಗಿದ್ದಕ್ಕೆ ಬಿಟ್ಟ ಬಿರುಕೂ ನಿಮ್ಮ ತಲೆಗೇ ಬರುತ್ತೆ. ಬಾವಿ ನೀರಿನ ಮಟ್ಟವನ್ನೂ ಅಳೆದಿಡಿ. ಹೊಂಡದ ನೀರು ಪಂಪ್ ಮಾಡೋಕೆ ಶುರು ಮಾಡಿದ್ಮೇಲೆ ಬಾವಿ ಇಳಿಯೋದಕ್ಕೆ ಈ ಮೀಟರ್ ಲೆಕ್ಕ ಯಾವುದೂ ಅಡ್ಡ ಬರಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮಣ್ಣು ನಾಲ್ಕೈದು ಮೀಟರ್ ಇದೆ. ಬೆಂಚ್ ಮುಖವನ್ನ ಪಕ್ಕದ ಜಮೀನಿನ ಕಡೆ ತಿರುಗಿಸಿದ್ರೆ ನಡೆಯುತ್ತಾ?

ಬ್ಲಾಸ್ಟಿಂಗ್ ಮಾಡುವವರು: ಬೇಡ ಸರ್. ಅಲ್ಲೂ ಜನ ಕೆಲಸ ಮಾಡ್ತಿರ್ತಾರೆ. ಮುಖ ನಿಮ್ಮ ಜಾಗದ ಉದ್ದಕ್ಕೇ ನೋಡೋ ಹಾಗೆ ಬೆಂಚ್ ಹಾಕಿ. ಗಡಿ ಕಡೆಯ ಕೊನೇ ಪಟ್ಟಿಗೆ ಮದ್ದು ಬೇಡ, ಬ್ರೇಕರ್ (ಕಲ್ಲು ಕುಟ್ಟಿ ಒಡೆಯೋ ಯಂತ್ರ) ಹಚ್ಚಿ ಒಡೆಸಿ. ನಿಧಾನ ಆಗುತ್ತೆ, ಖರ್ಚೂ ಜಾಸ್ತಿ. ಅದನ್ನ ಈಗಲೇ ಲೆಕ್ಕದಲ್ಲಿ ಸೇರಿಸ್ಕೊಳ್ಳಿ.