ಅಡ್ವಾನ್ಸಿಗೆ ಅವಸರ ಯಾಕಲೇ ಮಲ್ಯಾ

ನವನಗರದ ಚಾದಂಗಡ್ಯಾಗ ಗಿರ್ಮಿಟ್ ಇನ್ನೂ ಬಂದಿರ್ಲಿಲ್ಲ, ಮಲ್ಯಾ ಶುರು ಹಚ್ಕೊಂಡ. "ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಮುಗದು ಓಪನ್ ವಾಟರ್ ಕಾರ್ಡ್ ಬಂತಲೇ, ಅದರಾಗ 18 ಮೀಟರ್ ಅಷ್ಟ, ಮುಂದಿನ ಅಡ್ವಾನ್ಸ್ ಕೋರ್ಸ್ ಮಾಡಿದ್ರ 30 ಮೀಟರ್ ತನಕ ಇಳೀಬೋದು, ಮಾಡೇಬಿಡ್ತೀನಿ."

ಬಸ್ಯಾ ಸುಮ್ನ ಕುಂದ್ರಾಂವಲ್ಲ. "ಅಲ್ಲೋ, ಆಲಮಟ್ಟಿ ಹಿನ್ನೀರಾಗ ನಮ್ಮ ಹಳೇ ಊರ ಮುಳಗೇತಿ, ನೀ ಅದನ್ನ ಬಿಟ್ಟು ಮುರುಡೇಶ್ವರಕ್ಕ ಹೋಗಿ ಬೋಟ್ ಹತ್ತಿ ನೇತ್ರಾಣಿ ದ್ವೀಪದ ತನಕ ಹೊಕ್ಕಿಯಲ್ಲ, ಇಲ್ಲೇ ಇಳಿ, ನಮ್ಮಪ್ಪನ ಅಂಗಡಿ ಕೀಲಿ ಸಿಕ್ರ ತಗೊಂಬಾ."

ನಮ್ಮ ಪೈಕಿ ಖರೇ ಡೈವಿಂಗ್ ಗೊತ್ತಿದ್ದಾಂವ ರಫೀಕ. ಅಂವ ಹೇಳಿದ್ದೇನಂದ್ರ, ಹೆಸರಷ್ಟ ದೊಡ್ಡದು, ಡೈವಿಂಗ್ ಕಲಿಸಿ ಕಾರ್ಡ್ ಕೊಡೂ ಪಾಡಿ (PADI) ಸಂಸ್ಥೆಯವರ ಅಡ್ವಾನ್ಸಿನಾಗ ಇರೂದು ಐದ ಡೈವ್, ಆಳದ್ದೊಂದು, ದಿಕ್ಸೂಚಿ ಹಿಡದು ದಾರಿ ಹುಡುಕೂದೊಂದು, ಇವೆರಡ ಬಿಡಂಗಿಲ್ಲ, ಉಳದ ಮೂರು ನಮಗ ಬೇಕಾದ್ದು, ಓಪನ್ ವಾಟರ್ ಮುಗಿಸಿದ ಮರುದಿನಾನೂ ಸೇರ್ಕೋಬೋದು.

"ನೋಡ್ರಿ ಮತ್ತ!" ಅಂದ ಮಲ್ಯಾ.

"ತಡಿ, ನೀ ಡೈವ್ ಹೊಡದ ವಿಡಿಯೋ ತೋರಿಸು," ಅಂದ ರಫೀಕ.

ತೋರಿಸಿದ. ಯಪ್ಪಾ! ಎಡಗೈಯಾಗ ಜಾಕೆಟ್ಟಿನ ಗಾಳಿ ಬಟನ್ ಒತ್ತೂದು, ಮ್ಯಾಲ ಏರೂದು, ಗಾಬರಿಯಾಗಿ ಗಾಳಿ ಬಿಡೂದು, ಕೆಳಗ ಬಂದು ಕಾಲೀಲೆ ಉಸುಕ ಎಬ್ಬಸೂದು, ಮೀನ ಒಂದೂ ಕಾಣವಲ್ದು, ಕಡೀಕ ಎಲ್ಲಿಂದೋ ಇನ್‌ಸ್ಟ್ರಕ್ಟರ್ ಕೈ ಬಂದು ಇವನ ಕಾಲ ಹಿಡದು ಜಗ್ಗತೈತಿ. ಬಸ್ಯಾ ಅದನ್ನ ಮತ್ತ ಮತ್ತ ಹಾಕಿ ನೋಡಿದ.

"10 ಮೀಟರಿಗೆ ಒತ್ತಡ ಎರಡ ಪಟ್ಟು, 30 ಮೀಟರಿಗೆ ನಾಕ ಪಟ್ಟು," ಅಂದ ರಫೀಕ, "ಅಂದ್ರ ಒಂದೊಂದು ಉಸರಿಗೂ ಸಿಲಿಂಡರಿನಾಗಿಂದ ಅಷ್ಟಷ್ಟ ಗಾಳಿ ಖಾಲಿ. ಹಿಂಗ ಕೈಕಾಲ ಬಡದ್ರ ಇಳದಷ್ಟ ಲಗೂನ ಮ್ಯಾಲ ಬರ್ತಿ. ಮತ್ತ ಅಷ್ಟು ಆಳಕ್ಕ ನೈಟ್ರೋಜನ್ ತಲಿಗೇರಿ ಕುಡದಂಗ ಆಗಬೋದು, ಸ್ವಲ್ಪ ಮ್ಯಾಲ ಬಂದ್ರ ಇಳೀತೈತಿ."

"ಮರುದಿನ ತಲಿ ನೋವಿಲ್ಲ?" ಬಸ್ಯಾಗ ಮೊದಲನೇ ಸಲ ಡೈವಿಂಗಿನ್ಯಾಗ ಆಸಕ್ತಿ ಹುಟ್ಟಿತು.

ಮಲ್ಯಾನ ವಾದ ಏನಂದ್ರ, ಬರಂಗಿಲ್ಲ ಅಂತನ ಕಲ್ಯಾಕ ಹೋಗೂದಲ್ಲೇನು, ಉಳದ ಮೂರರಾಗ ತೇಲೂ ಡೈವ್ ಒಂದು ಆರಿಸಿದ್ರಾತು. ಅದೂ ಖರೇನ. ಆದ್ರ ನಾ ರಫೀಕನ ಪಾರ್ಟಿ. ಮುಳುಗದಂಗ, ಏರದಂಗ ನಿಲ್ಲೂದರಾಗನ ತಲಿ ಪೂರಾ ಖರ್ಚಾದ್ರ ದಿಕ್ಸೂಚಿ ಯಾರ ನೋಡಬೇಕು? ಮೊದಲ ಹತ್ತ-ಹನ್ನೆರಡು ಮೀಟರಿನಾಗ ಸುಮ್ನ ಒಂದಿಷ್ಟು ಡೈವ್ ಹೊಡಿ, ಯಾರೂ ಹೇಳದ ಗಾಳಿ ಎಷ್ಟೈತಿ ತೋರ್ಸೂ ಗೇಜ್ ಕಡೆ ಕಣ್ಣ ಹೋಗಾಕತ್ತಿತಂದ್ರ, ಬರೇ ಉಸರ ತಗೊಂಡು ಬಿಟ್ಟು ಅರ್ಧಾ ಗೇಣ ಮ್ಯಾಲ-ಕೆಳಗ ಆಗಾಕ ಬಂತಂದ್ರ, ಆವಾಗ ರೊಕ್ಕ ಕಟ್ಟು. (ರೊಕ್ಕ ಕಮ್ಮಿ ಇಲ್ಲಪಾ ಅದಕ್ಕ.)

"ಅಂದಂಗ ಯಾವಾಗ ಹೊಂಟಿ?" ರಫೀಕ ಕೇಳಿದ.

"ಬರೂ ಐತವಾರ."

"ಜುಲೈದಾಗ? ಮಳಿಗಾಲದಾಗ ನೇತ್ರಾಣಿಗೆ ಡೈವಿಂಗ್ ಬೋಟ್ ಬಂದ್ ಇರ್ತಾವಲೇ! ಅಕ್ಟೋಬರ್ ಸುಮಾರಿಗೆ ಮತ್ತ ಚಾಲೂ."

ಮಲ್ಯಾ ಮಾರಿ ಸಣ್ಣದಾತು. "ಅಲ್ಲೀತನಕ ಕಾರ್ಡ್ ಎಕ್ಸ್‌ಪೈರ್ ಆಗತೈತೇನು?"

"ಕಾರ್ಡಿಗೇನ ಆಗಂಗಿಲ್ಲ, ನೀ ಕಲ್ತಿದ್ದು ಮರಿತಿ ಅಷ್ಟ."

"ಮರಿಯಾಕ ನಾ ಏನ ಕಲ್ತೀನಿ?"