ಎಲ್ಲರೂ ಅಭಿನಂದಿಸುತ್ತಿದ್ದಾರೆ. ಆಕ್ಸ್‌ಫರ್ಡ್‌ನಂಥ ಕಡೆ ಓದುವುದರ ತೊಂದರೆಗಳನ್ನು ಯಾರಾದರೂ ಹೇಳುತ್ತೀರಾ?

ಕುಕ್ಕರಹಳ್ಳಿ ದಂಡೆ (ಪ್ರಶ್ನೆ)

ನಮಸ್ಕಾರ. ನಾನು ಮೈಸೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಇತಿಹಾಸ ನನ್ನ ವಿಷಯ. ಆಕ್ಸ್‌ಫರ್ಡ್‌ನ ಒಂದು ಕಾಲೇಜಿನಲ್ಲಿ ಇತಿಹಾಸವನ್ನೇ ಇನ್ನೊಮ್ಮೆ ಬಿ.ಎ.ಗೆ ಓದಲು ಸೀಟು ಸಿಕ್ಕಿದೆ. ಆಗಲೇ ಒಂದು ಪದವಿ ಇರುವವರು ಮೂರು ವರ್ಷದ್ದನ್ನು ಎರಡೇ ವರ್ಷದಲ್ಲಿ ಮುಗಿಸಬಹುದು. ಶುಲ್ಕಕ್ಕೂ ಊಟ ವಸತಿಗೂ ವಿದ್ಯಾರ್ಥಿವೇತನ ಇದೆ. ಉತ್ತರ ಇಂಗ್ಲೆಂಡಿನ ಒಂದು ನಗರದ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎ.ಗೂ ಕರೆ ಬಂದಿದೆ.

ಮನೆಯಲ್ಲಿ ಎರಡನೆಯದರ ಮಾತೇ ಇಲ್ಲ. ಅಪ್ಪ ತಮ್ಮ ಬ್ಯಾಂಕಿನ ಶಾಖೆಗೆಲ್ಲ ಮೈಸೂರು ಪಾಕ್ ಹಂಚಿ ಬಂದಿದ್ದಾರೆ. ‘ಗೋಕಾಕರು ಓದಿದ ಜಾಗ, ಎಂ. ಎನ್. ಶ್ರೀನಿವಾಸರು ಓದಿದ ಜಾಗ, ಕಾರ್ನಾಡರು ಓದಿದ ಜಾಗ, ಇನ್ನೇನು ಯೋಚನೆ?’ ಎನ್ನುತ್ತಾರೆ. ಹುಡುಕಿದರೆ ಸಿಗುವುದೆಲ್ಲ ಗೌನು ತೊಟ್ಟ ಚಿತ್ರಗಳು, ಹೊಗಳಿಕೆ. ಅಲ್ಲಿ ಇದ್ದು ಬಂದವರು ಯಾರಾದರೂ ಒಳಗಿನ ಕಷ್ಟವನ್ನು ಹೇಳಿದರೆ ಉಪಕಾರವಾಗುತ್ತದೆ. ಹೆದರಿಸಿದರೂ ಚಿಂತೆಯಿಲ್ಲ.

ಸಾಧನಕೇರಿ

ತಂಗಿ, ನಾನು ಧಾರವಾಡದವಳು. 2008ರಲ್ಲಿ ನಿನ್ನ ಹಾಗೆಯೇ ಬಿ.ಎ. ಮುಗಿಸಿ, ವಿದ್ಯಾರ್ಥಿವೇತನ ಪಡೆದು, ಆಕ್ಸ್‌ಫರ್ಡ್, ಕೇಂಬ್ರಿಜ್ ಇವೆರಡರಲ್ಲಿ ಒಂದಕ್ಕೆ ಎರಡನೇ ಬಿ.ಎ. ಓದಲು ಹೋದೆ. ಯಾವುದೆಂದು, ಯಾವ ಕಾಲೇಜೆಂದು ಬರೆಯುವುದಿಲ್ಲ. ಹೆಸರು ಹಿಡಿದು ದೂರುವ ಮನಸ್ಸಿಲ್ಲ. ಈಗ ನಮ್ಮ ಕಡೆಯೇ ಪಾಠ ಮಾಡುತ್ತೇನೆ, ಕೆರೆಗಳ ಇತಿಹಾಸದ ಮೇಲೆ ಕೆಲಸ ಮಾಡುತ್ತೇನೆ.

ಚಳಿ, ಊಟ, ಖರ್ಚು ಇವನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೇಳಬೇಕಾಗಿರುವುದು ಎಂಟು ವಾರಗಳ ವಿಷಯ.

ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಕಡೆ ವರ್ಷಕ್ಕೆ ಮೂರು ಅವಧಿ, ಒಂದೊಂದು ಅವಧಿಗೆ ಎಂಟೇ ವಾರ. 52 ವಾರಗಳಲ್ಲಿ ಪಾಠ ನಡೆಯುವುದು 24 ವಾರ ಮಾತ್ರ. ಕೇಳಿದವರು ಎಷ್ಟೊಂದು ಬಿಡುವು ಎನ್ನುತ್ತಾರೆ. ಆದರೆ ಆ ಎಂಟು ವಾರ ಉಸಿರಾಡಲು ಬಿಡುವುದಿಲ್ಲ. ವಾರಕ್ಕೆ ಒಂದು ಪ್ರಬಂಧವಾದರೂ ಬರೆಯಲೇಬೇಕು, ಕೆಲವು ವಾರ ಎರಡು. ಪ್ರತಿ ಪ್ರಬಂಧಕ್ಕೂ ಹದಿನೈದು ಇಪ್ಪತ್ತು ಪುಸ್ತಕಗಳ ಪಟ್ಟಿ. ಬರೆದದ್ದನ್ನು ಹಿಡಿದು ಗುರುಗಳ ಕೋಣೆಯಲ್ಲಿ ಒಂದು ಗಂಟೆ ಕೂರಬೇಕು: ಅವರು, ನೀನು, ಹೆಚ್ಚೆಂದರೆ ಇನ್ನೊಬ್ಬರೋ ಇಬ್ಬರೋ. ಆಕ್ಸ್‌ಫರ್ಡ್‌ನಲ್ಲಿ ಇದಕ್ಕೆ ಟ್ಯುಟೋರಿಯಲ್ ಎನ್ನುತ್ತಾರೆ, ಕೇಂಬ್ರಿಜ್‌ನಲ್ಲಿ ಸೂಪರ್‌ವಿಷನ್. ಲೋಕ ಕೊಂಡಾಡುವುದು ಇದನ್ನೇ. ಅದು ಸುಳ್ಳು ಹೊಗಳಿಕೆಯಲ್ಲ. ಅಷ್ಟು ತಿಳಿದವರೊಬ್ಬರು ನನ್ನ ಬರಹವನ್ನು ಸಾಲು ಸಾಲಾಗಿ ಓದಿ ಎದುರು ಕೂತು ಮಾತಾಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ನನ್ನ ಮೊದಲ ಪ್ರಬಂಧ 1348ರಲ್ಲಿ ಇಂಗ್ಲೆಂಡಿಗೆ ಬಂದ ಪ್ಲೇಗಿನ ಮೇಲೆ. ಅಷ್ಟು ಜನ ಸತ್ತ ಮೇಲೆ ಉಳಿದ ರೈತರ ಬದುಕು ಸುಧಾರಿಸಿತೇ ಎಂಬುದು ಪ್ರಶ್ನೆ. ಧಾರವಾಡದಲ್ಲಿ ಕಲಿತ ಹಾಗೆ ಒಂಬತ್ತು ಪುಸ್ತಕ ಓದಿ, ಯಾರು ಏನು ಹೇಳಿದ್ದಾರೆ ಎಂಬುದನ್ನು ಯಾರಿಗೂ ಅನ್ಯಾಯವಾಗದಂತೆ ಪಕ್ಕಪಕ್ಕ ಇಟ್ಟೆ. ನನ್ನ ಜೊತೆಯ ಹುಡುಗ ದೊಡ್ಡ ವಸತಿ ಶಾಲೆಯಿಂದ ಬಂದವನು. ಎರಡು ಪುಸ್ತಕ ಓದಿದ್ದ, ಮೂರನೆಯದರ ಮುನ್ನುಡಿ ನೋಡಿದ್ದ. ಇದನ್ನು ಮೆಟ್ಟಿಲ ಮೇಲೆ ಅವನೇ ಹೇಳಿದ. ಒಳಗೆ ಹೋದ ಮೇಲೆ ಗಂಟೆಯಲ್ಲಿ ನಲವತ್ತು ನಿಮಿಷ ಅವನೇ ಮಾತಾಡಿದ. ನನ್ನ ಪ್ರಬಂಧದ ಕೆಳಗೆ ಗುರುಗಳು ಒಂದೇ ಸಾಲು ಬರೆದಿದ್ದರು: ‘ಇದರಲ್ಲಿ ನೀನು ಎಲ್ಲಿದ್ದೀಯ?’

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದರ ಉತ್ತರ ಹುಡುಕಲು ಪುರುಸೊತ್ತು ಎಲ್ಲಿತ್ತು? ಮುಂದಿನ ವಾರದ ಪಟ್ಟಿ ಆಗಲೇ ಕೈಯಲ್ಲಿತ್ತು. ಮೂರನೇ ವಾರದ ಹೊತ್ತಿಗೆ ದಾರಿ ಹೊಳೆಯಿತು. ನಾಲ್ಕು ಪುಸ್ತಕ ಓದುವುದು, ಒಂದು ನಿಲುವು ಹಿಡಿಯುವುದು, ನಂಬಿಕೆ ಇರಲಿ ಬಿಡಲಿ ಆ ಒಂದು ಗಂಟೆ ಅದನ್ನು ಬಿಟ್ಟುಕೊಡದೆ ಕಾಯುವುದು. ಅದರಲ್ಲಿ ನಾನು ಪಳಗಿದೆ, ಅಂಕಗಳೂ ಏರಿದವು. ‘ನನಗೆ ಇನ್ನೂ ತಿಳಿದಿಲ್ಲ’ ಎಂಬ ಮಾತನ್ನು ಆ ಕೋಣೆಯಲ್ಲಿ ಎರಡು ವರ್ಷ ನಾನು ಆಡಲಿಲ್ಲ.

ಹಿಂದಿರುಗಿದ ತಿಂಗಳಲ್ಲೇ ಅವ್ವ ಹೇಳಿದಳು: ‘ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತೀಯಲ್ಲ, ಮೊದಲು ಹೀಗಿರಲಿಲ್ಲ.’ ಆಗ ಸಿಟ್ಟು ಬಂದಿತ್ತು. ಅವಳು ಹೇಳಿದ್ದು ಅರ್ಥವಾಗಲು ಮೂರು ವರ್ಷ ಬೇಕಾಯಿತು. ತುಮಕೂರು ಕಡೆಯ ಒಂದು ಊರಿನಲ್ಲಿ ಕೆರೆಯ ನೀರು ಬಿಡುವ ನೀರುಗಂಟಿಯ ಹತ್ತಿರ ಹೋಗಿದ್ದೆ. ತೂಬು ಎತ್ತಿದಾಗ ಯಾವ ಗದ್ದೆಗೆ ಮೊದಲು ನೀರು, ಯಾಕೆ ಎಂದು ಕೇಳಿದೆ. ಅವರು ಎರಡು ಮಾತು ಹೇಳುವುದರೊಳಗೆ ಹೀಗೀಗೆ ಇರಬೇಕು ಅಲ್ಲವೇ ಎಂದು ನನ್ನ ವಾದವನ್ನೇ ಅವರ ಮುಂದಿಟ್ಟೆ. ‘ಹೌದು ಬಿಡಿ ಅಮ್ಮ’ ಎಂದು ಸುಮ್ಮನಾದರು. ಮತ್ತೆ ನಾಲ್ಕು ಸಲ ಹೋಗಿ, ಏನೂ ಕೇಳದೆ ಏರಿಯ ಮೇಲೆ ಅವರ ಜೊತೆ ನಡೆದ ಮೇಲೆ ಬಾಯಿ ಬಿಟ್ಟರು. ನನ್ನ ವಾದ ಪೂರ್ತಿ ತಪ್ಪಾಗಿತ್ತು.

ಇನ್ನೊಂದು, ನಮ್ಮ ಭಾಷೆಯ ಸಂಗತಿ. ನಾನು ಹೋಗುವಾಗ ಹಳಗನ್ನಡ ಶಾಸನಗಳನ್ನು ತಡವರಿಸುತ್ತಾ ಓದಬಲ್ಲವಳಾಗಿದ್ದೆ. ಅಲ್ಲಿ ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಕೂತು ಅವುಗಳ ಬಗ್ಗೆ ಮಾತಾಡಲು ಒಬ್ಬರೂ ಸಿಗಲಿಲ್ಲ. ಓದಿದ್ದೆಲ್ಲ ಇಂಗ್ಲೆಂಡು, ಯೂರೋಪು. ಭಾರತಕ್ಕೆಂದು ಇದ್ದ ಒಂದು ಪಠ್ಯವಿಷಯದಲ್ಲೂ ಕಂಪನಿ ಸರ್ಕಾರದ ಕಡತಗಳೇ ಮುಖ್ಯ. ಎರಡು ವರ್ಷದ ನಂತರ ಶಾಸನ ಎದುರಿಗಿಟ್ಟುಕೊಂಡಾಗ ಅಕ್ಷರಗಳು ಅಪರಿಚಿತರಂತೆ ನೋಡಿದವು. ನನಗೆ ತುಂಬ ನೋವಾದದ್ದು ಇಲ್ಲಿಯೇ.

ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಜಾಗ ದಿನವೂ ನೆನಪಿಸುತ್ತದೆ. ಬಹಳಷ್ಟು ಕಾಲೇಜುಗಳಲ್ಲಿ ಹುಲ್ಲಿನ ಮೇಲೆ ಅಧ್ಯಾಪಕರು ನಡೆಯಬಹುದು, ನೀನು ನಡೆಯುವಂತಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಮೊದಲ ದೊಡ್ಡ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದವರಿಗೆ ಉದ್ದನೆಯ ಗೌನು, ಉಳಿದವರಿಗೆ ಗಿಡ್ಡದ್ದು. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವರು ಎಂಥವರೆಂದು ಬಟ್ಟೆಯೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಖಾಸಗಿ ಶಾಲೆಗಳಲ್ಲಿ ಓದುವ ಮಕ್ಕಳು ನೂರಕ್ಕೆ ಏಳು ಜನ. ಈ ಎರಡು ಕಡೆ ಬರುವ ಬ್ರಿಟಿಷ್ ವಿದ್ಯಾರ್ಥಿಗಳಲ್ಲಿ ಅವರ ಪಾಲು ಅದರ ಎಷ್ಟೋ ಪಟ್ಟು. ಅವರಿಗೆ ಲ್ಯಾಟಿನ್ ಪ್ರಾರ್ಥನೆ, ಉದ್ದ ಮೇಜಿನ ಊಟ, ಚಮಚಗಳ ಸಾಲು ಎಲ್ಲವೂ ಶಾಲೆಯಲ್ಲೇ ರೂಢಿ. ಮಹಿಳೆಯರಿಗೆ ಆಕ್ಸ್‌ಫರ್ಡ್ ಪದವಿ ಕೊಡತೊಡಗಿದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ನಾನು ಊಟ ಮಾಡುತ್ತಿದ್ದ ಭೋಜನಶಾಲೆಯ ಗೋಡೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ತೈಲಚಿತ್ರಗಳಿದ್ದವು. ಒಂದೂ ಹೆಣ್ಣಿನದಲ್ಲ.

ಕೊನೆಯದಾಗಿ ರಜೆ. ಡಿಸೆಂಬರ್ ಮೊದಲ ವಾರಕ್ಕೆ ಅವಧಿ ಮುಗಿಯುತ್ತದೆ. ನನ್ನ ಕಾಲೇಜಿನಲ್ಲಿ ಕೋಣೆ ಖಾಲಿ ಮಾಡಬೇಕಿತ್ತು. ಊರಿಗೆ ಬರಲು ಟಿಕೆಟಿಗೆ ಹಣವಿರಲಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲಿಟ್ಟು, ಊರಾಚೆ ಒಂದು ಬಾಡಿಗೆ ಕೋಣೆಯಲ್ಲಿ ಐದು ವಾರ ಇದ್ದೆ. ಸಂಜೆ ನಾಲ್ಕಕ್ಕೆ ಕತ್ತಲು. ಕ್ರಿಸ್‌ಮಸ್ ದಿನ ಬಸ್ಸಿಲ್ಲ, ರೈಲಿಲ್ಲ, ಅಂಗಡಿಯೂ ಇಲ್ಲ. ಮನೆಯಿಂದ ತಂದ ಅವಲಕ್ಕಿಯನ್ನು ನೆನೆಸಿ ತಿಂದೆ. ಫೋನಿನಲ್ಲಿ ಅಪ್ಪನಿಗೆ ‘ಇಲ್ಲಿ ಎಲ್ಲ ಹಬ್ಬದ ಸಡಗರ’ ಎಂದೆ. ಅಷ್ಟು ದೊಡ್ಡ ಹೆಸರಿನ ಜಾಗದಲ್ಲಿ ಕೂತು ಅಳುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಗಾಜಿನ ಕೊಳವೆ

ಮೇಡಂ ಬರೆದದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ವಿಜ್ಞಾನದ ಪಿಎಚ್‌.ಡಿ. ಬೇರೆ ಲೋಕ. ನಾನು ಬೆಂಗಳೂರಿನಿಂದ ಹೋಗಿ ರಸಾಯನಶಾಸ್ತ್ರದಲ್ಲಿ ಅದನ್ನು ಮುಗಿಸಿದೆ. ಪ್ರಯೋಗಾಲಯಕ್ಕೆ ಎಂಟು ವಾರದ ಲೆಕ್ಕವಿಲ್ಲ. ಅಲ್ಲಿ ‘ಗೊತ್ತಿಲ್ಲ’ ಎನ್ನದೆ ಕೆಲಸವೇ ಸಾಗದು.

ನನ್ನ ದೂರು ಕಾಲೇಜುಗಳ ನಡುವಿನ ಅಂತರ. ಕೇಂಬ್ರಿಜ್‌ನಲ್ಲಿ 31 ಕಾಲೇಜುಗಳಿವೆ, ಆಕ್ಸ್‌ಫರ್ಡ್‌ನಲ್ಲಿ ಅದಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ತನ್ನದೇ ಆಸ್ತಿ, ತನ್ನದೇ ಲೆಕ್ಕ. ಕೇಂಬ್ರಿಜ್‌ನ ಟ್ರಿನಿಟಿ, ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಭಾರಿ ಶ್ರೀಮಂತ ಕಾಲೇಜುಗಳು. ಕೋಣೆಯ ಬಾಡಿಗೆ, ಪುಸ್ತಕಕ್ಕೆ ಸಿಗುವ ಹಣ, ಪ್ರವಾಸದ ನೆರವು, ಊಟದ ಬೆಲೆ ಎಲ್ಲವೂ ಕಾಲೇಜಿನ ಮೇಲೆ ನಿಂತಿವೆ. ಒಂದೇ ಪದವಿ, ಒಂದೇ ಪರೀಕ್ಷೆ, ಆದರೆ ನನ್ನ ಗೆಳೆಯನಿಗೆ ಸಿಗುತ್ತಿದ್ದ ನೆರವಿನ ಅರ್ಧವೂ ನನಗೆ ಇರಲಿಲ್ಲ. ವೀಸಾ ವಾರಕ್ಕೆ 20 ಗಂಟೆ ದುಡಿಯಲು ಬಿಟ್ಟರೂ, ಬಿ.ಎ. ವಿದ್ಯಾರ್ಥಿಗಳು ಅವಧಿಯ ನಡುವೆ ದುಡಿಯುವುದನ್ನು ಈ ಎರಡು ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಕೈ ಖಾಲಿಯಾದರೆ ಅಂಗಡಿಯಲ್ಲಿ ನಿಂತು ಗಳಿಸುತ್ತೇನೆ ಎಂಬ ಲೆಕ್ಕ ಬೇಡ.

ಊಟದ ಮಾತು ಚಿಕ್ಕದೆಂದು ಬಿಡಬೇಡಿ. 1914ರಲ್ಲಿ ಟ್ರಿನಿಟಿಗೆ ಹೋದ ಗಣಿತಜ್ಞ ರಾಮಾನುಜನ್ ಯುದ್ಧಕಾಲದಲ್ಲಿ ಕೋಣೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು, ಕಾಯಿಲೆ ಬಿದ್ದು, 1919ರಲ್ಲಿ ಮರಳಿ, ಮರುವರ್ಷ ತೀರಿಕೊಂಡರು. ಅವರನ್ನು ಕರೆಸಿಕೊಂಡ ಗಣಿತಜ್ಞ ಹಾರ್ಡಿಯಂಥವರು ಪಕ್ಕದಲ್ಲಿದ್ದೂ ಹೀಗಾಯಿತು. ಇಂದು ಸಸ್ಯಾಹಾರ ಧಾರಾಳವಾಗಿ ಸಿಗುತ್ತದೆ. ಆದರೂ ಒಲೆಯಿರುವ ಅಡುಗೆಮನೆ ಇದೆಯೇ ಎಂದು ಕೇಳಿಕೊಳ್ಳಿ. ಕೆಲವು ಹಳೆಯ ಕಟ್ಟಡಗಳಲ್ಲಿ ಮೈಕ್ರೋವೇವ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಸ್ವರ್ಣಾ ನದಿ

ನಾನು ಅಂಥ ಕಡೆ ಓದಿದವಳಲ್ಲ, ಓದಲು ಕಳುಹಿಸಿದ ತಾಯಿ. ಉಡುಪಿ ಕಡೆಯವಳು. ದೇಶ, ಹೆಸರು ಬೇಡ, ಬಹಳ ಹಳೆಯ, ಬಹಳ ದೊಡ್ಡ ಹೆಸರಿನ ಸಂಸ್ಥೆ. ಸೀಟು ಸಿಕ್ಕಿದ ದಿನವೇ ಮಗನ ಫೋಟೊ ಪತ್ರಿಕೆಗೆ ಕೊಟ್ಟೆವು. ನಮ್ಮ ಸಮಾಜದವರು ಶಾಲು ಹೊದಿಸಿ ಸನ್ಮಾನ ಮಾಡಿದರು. ಪ್ರತಿ ಭಾನುವಾರ ಫೋನ್ ಮಾಡಿ ‘ಚೆನ್ನಾಗಿದ್ದೇನೆ ಅಮ್ಮ’ ಎನ್ನುತ್ತಿದ್ದ. ಎರಡನೇ ಅವಧಿಯಲ್ಲಿ ಹನ್ನೊಂದು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲವಂತೆ. ಪಕ್ಕದ ಕೋಣೆಯ ಹುಡುಗಿ ವೈದ್ಯರಿಗೆ ತಿಳಿಸಿದಳು. ಅವಳ ಋಣ ಈ ಜನ್ಮದಲ್ಲಿ ತೀರದು.

ಮರಳಿ ಬಂದ. ಈಗ ಮಂಗಳೂರಿನಲ್ಲಿ ಓದುತ್ತಿದ್ದಾನೆ, ನಗುತ್ತಾನೆ. ಒಂದು ದಿನ ಕೇಳಿದೆ, ಯಾಕೆ ಮಗಾ ಮೊದಲೇ ಹೇಳಲಿಲ್ಲ ಎಂದು. ‘ಗೋಡೆಯ ಮೇಲೆ ನನ್ನ ಫೋಟೊ ಹಾಕಿದ್ದಿರಲ್ಲ ಅಮ್ಮ’ ಎಂದ. ನಿನ್ನ ತಂದೆಗೆ ಇದನ್ನು ಓದಿಸು ಮಗಳೇ.

ಕುಕ್ಕರಹಳ್ಳಿ ದಂಡೆ

ಅಕ್ಕ, ಅಣ್ಣ, ಅಮ್ಮ, ಮೂವರಿಗೂ ನಮಸ್ಕಾರ. ರಾತ್ರಿ ಎರಡು ಸಲ ಓದಿದೆ. ಸಾಧನಕೇರಿ ಅಕ್ಕ, ಒಂದು ನೇರ ಪ್ರಶ್ನೆ. ಹೋಗಬೇಡ ಎನ್ನುತ್ತೀರಾ? ಮತ್ತೆ 2008ಕ್ಕೆ ಹೋದರೆ ನೀವು ಹೋಗುತ್ತಿದ್ದಿರಾ?

ಸಾಧನಕೇರಿ

ಬಿ.ಎ.ಗೆ ಹೋಗುತ್ತಿರಲಿಲ್ಲ. ಇನ್ನಷ್ಟು ವರ್ಷ ಇಲ್ಲಿ ಶಾಸನ ಓದಿ, ನನ್ನದೇ ಒಂದು ಪ್ರಶ್ನೆ ಕೈಯಲ್ಲಿ ಹಿಡಿದು, ಸಂಶೋಧನೆಗೆ ಹೋಗುತ್ತಿದ್ದೆ.

ನಿನ್ನ ತಂದೆಯವರು ಹೇಳಿದ ಹೆಸರುಗಳನ್ನೇ ನೋಡು. ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗುವಾಗ ಮುಂಬೈಯಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಕೈಕೆಳಗೆ ಪಳಗಿದ್ದರು, ಕೊಡಗಿನಲ್ಲಿ ತಾವೇ ಕೂಡಿಸಿದ ಸಾಮಗ್ರಿ ಜೊತೆಯಲ್ಲಿತ್ತು. ಅಲ್ಲಿನ ಗುರುಗಳು ಅದನ್ನು ನೋಡುವ ಹೊಸ ಬಗೆಯನ್ನು ಕಲಿಸಿದರು, ಸಾಮಗ್ರಿ ಮಾತ್ರ ಅವರದೇ. ಕಾರ್ನಾಡರು ಹೊರಡುವ ಸಿದ್ಧತೆಯಲ್ಲಿದ್ದಾಗಲೇ ತಮ್ಮ ಮೊದಲ ನಾಟಕವನ್ನು ಕನ್ನಡದಲ್ಲಿ ಬರೆದಿದ್ದರು. ನಾನು ಇಪ್ಪತ್ತೊಂದರಲ್ಲಿ ಒಳ್ಳೆಯ ಅಂಕ, ಒಳ್ಳೆಯ ಕೈಬರಹ ಇಷ್ಟನ್ನೇ ಹಿಡಿದು ಹೋಗಿದ್ದೆ. ಅವರು ಕೊಟ್ಟ ಪ್ರಶ್ನೆಗಳೇ ನನ್ನ ಪ್ರಶ್ನೆಗಳಾದವು.

ನಿನ್ನ ಕೈಯಲ್ಲಿ ಏನಿದೆ ಎಂಬುದು ನನಗೆ ಕಾಣುವುದಿಲ್ಲ, ಆದ್ದರಿಂದ ಹೋಗು, ಬೇಡ ಎಂದು ಹೇಳಲಾರೆ. ಒಂದು ಕೆಲಸ ಮಾಡು. ಎರಡೂ ಕಡೆಗೆ ಇಂದೇ ಪತ್ರ ಬರೆದು ಮೂರು ಸಂಗತಿ ಕೇಳು. ರಜೆಯ ವಾರಗಳಲ್ಲಿ ಕೋಣೆ ಕೊಡುತ್ತೀರಾ, ಅದರ ಬಾಡಿಗೆ ವಿದ್ಯಾರ್ಥಿವೇತನದಲ್ಲಿ ಸೇರಿದೆಯೇ? ದಕ್ಷಿಣ ಭಾರತದ ಇತಿಹಾಸ ಕಲಿಸುವವರು ಯಾರು, ನಾನು ಬರುವ ವರ್ಷ ಅವರು ಇರುತ್ತಾರೆಯೇ? ಕಾಯಿಲೆಯಾಗಿ ಒಂದು ವರ್ಷ ನಿಲ್ಲಿಸಿದರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ? ಈ ಮೂರನೆಯದನ್ನು ಕೇಳಲು ನಾಚಬೇಡ.

ಕುಕ್ಕರಹಳ್ಳಿ ದಂಡೆ

ಪತ್ರಗಳನ್ನು ಕಳುಹಿಸಿದ್ದೇನೆ ಅಕ್ಕ. ಎಂ.ಎ. ಕಡೆಯ ಅಧ್ಯಾಪಕರೊಬ್ಬರು ಸಂಜೆಯೇ ಉತ್ತರಿಸಿ, ನನಗೆ ಯಾವ ಊರಿನ ಕಾಗದಪತ್ರಗಳ ಮೇಲೆ ಆಸಕ್ತಿ ಎಂದು ಕೇಳಿದ್ದಾರೆ. ಆಕ್ಸ್‌ಫರ್ಡ್ ಕಾಲೇಜಿನ ಉತ್ತರಕ್ಕೆ ಕಾಯುತ್ತಿದ್ದೇನೆ, ಒಪ್ಪಿಗೆ ತಿಳಿಸಲು ಇನ್ನೂ ದಿನವಿದೆ. ಉಡುಪಿಯ ಅಮ್ಮನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ, ಪತ್ರಿಕೆಗೆಂದು ತೆಗೆದಿಟ್ಟಿದ್ದ ನನ್ನ ಫೋಟೊವನ್ನು ಬೀರುವಿನೊಳಗೆ ಇಟ್ಟು ಬಂದರು.