ಮಳೆಗಾಲದಲ್ಲಿ ಬೆಳದಿಂಗಳು ಒಣಗುತ್ತಿಲ್ಲ, ಏನು ಮಾಡಲಿ?

ತುಂಗೆದಂಡೆ (ತೀರ್ಥಹಳ್ಳಿ):
ನಾರ್ವೆಯ ಯೋಹಾನ್ ಕ್ರಿಶ್ಚಿಯನ್ ಡಾಲ್ 1839ರಲ್ಲಿ ಬರೆದ ‘ಬೆಳದಿಂಗಳಲ್ಲಿ ಡ್ರೆಸ್ಡೆನ್’ ಚಿತ್ರವನ್ನು ಆಯಿಲ್ ಪೇಂಟ್‌ನಲ್ಲಿ ನಕಲು ಮಾಡುತ್ತಿದ್ದೇನೆ. ಜರ್ಮನಿಯ ಡ್ರೆಸ್ಡೆನ್ ಊರು, ಎಲ್ಬೆ ನದಿ, ಅಗಸ್ಟಸ್ ಸೇತುವೆ, ಚರ್ಚಿನ ಗುಮ್ಮಟ. ನಮ್ಮೂರ ಕಮಾನು ಸೇತುವೆ ನೋಡಿ ಬೆಳೆದವನು ನಾನು. ಅಲ್ಲಿನ ಕಮಾನುಗಳನ್ನು ಕಂಡ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಜೂನ್ ಕೊನೆಗೆ ಶುರು ಮಾಡಿದ್ದೇ ತಪ್ಪು. ಮೂರು ವಾರವಾದರೂ ಆಕಾಶ ಬೆರಳಿಗೆ ಅಂಟುತ್ತದೆ. ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಬಂದಿದೆ. ಕಂಬಳಿ ಒಣಗಿಸುವ ಹಾಗೆ ಬಚ್ಚಲೊಲೆಯ ಹತ್ತಿರ ಇಟ್ಟೆ. ಬೆಳಿಗ್ಗೆ ನೋಡಿದರೆ ಚಂದ್ರನ ಮೇಲೆಲ್ಲ ಮಸಿ. ‘ಗ್ರಹಣ ಹಿಡಿದಿದೆಯಲ್ಲೋ’ ಅಂತ ಅಮ್ಮ ನಕ್ಕಳು.

ಇನ್ನೊಂದು ಬೇಜಾರು. ಡಾಲ್‌ನ ರಾತ್ರಿಯೊಳಗೆ ಗಾಳಿ ಆಡುತ್ತದೆ. ಐವರಿ ಬ್ಲ್ಯಾಕ್ ಅನ್ನೋ ಕಪ್ಪು ಬಣ್ಣ ಬಳಿದ ನನ್ನ ರಾತ್ರಿ ಕಾವಲಿಯ ತಳದ ಹಾಗಿದೆ.

ಹಳೇಬ್ರಷ್ (ಸಾಗರ):
ಎರಡೂ ಕಾಯಿಲೆಗೆ ಕಾರಣ ಒಂದೇ, ಆ ಕಪ್ಪು. ಬಣ್ಣದಲ್ಲಿರುವ ಅಗಸೆ ಎಣ್ಣೆ ಬಟ್ಟೆಯ ಹಾಗೆ ನೀರಾರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಐವರಿ ಬ್ಲ್ಯಾಕ್ ಅದನ್ನು ನಿಧಾನ ಮಾಡುತ್ತದೆ. ಬರ್ನ್ಟ್ ಅಂಬರ್ ಅನ್ನೋ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇದೆ, ಅದು ಬೇಗ ಒಣಗಿಸುತ್ತದೆ. ಪ್ರಷ್ಯನ್ ಬ್ಲೂ ಕೂಡ ಹಾಗೇ. ಇವೆರಡನ್ನೂ ಕಲಸಿ. ಕಪ್ಪಿನಷ್ಟೇ ಗಾಢ ಬರುತ್ತದೆ, ಆದರೆ ಸತ್ತ ಕಪ್ಪಲ್ಲ. ನೀಲಿ ಜಾಸ್ತಿ ಹಾಕಿದರೆ ಆಕಾಶ, ಕಂದು ಜಾಸ್ತಿ ಹಾಕಿದರೆ ಸೇತುವೆಯ ನೆರಳು.

ಹಸಿ ಕಪ್ಪಿನ ಮೇಲೇ ಬಳಿಯಬೇಡಿ ಮತ್ತೆ, ಆಮೇಲೆ ಬಿರುಕು ಬಿಡುತ್ತದೆ. ಚಾಕುವಿನಿಂದ ಕೆರೆದು ತೆಗೆಯಿರಿ. ಹೊಟ್ಟೆ ಉರಿಯುತ್ತದೆ, ಗೊತ್ತು.

ಚಂದ್ರನಿಗೆ ಬರೀ ಬಿಳಿ ಬೇಡ, ಒಂದು ಚೂರು ಹಳದಿ ಸೇರಿಸಿ. ಕಿಟಕಿ ದೀಪಗಳು ಕಿತ್ತಳೆ ಬಣ್ಣಕ್ಕೆ ತಿರುಗಲಿ. ಆ ಬೆಚ್ಚನೆ ಚುಕ್ಕೆಗಳು ಪಕ್ಕದಲ್ಲಿದ್ದರೇ ಬೆಳದಿಂಗಳು ತಣ್ಣಗೆ ಕಾಣುವುದು.

ಅಂದಹಾಗೆ ಡಾಲ್ 1823ರಿಂದ ಡ್ರೆಸ್ಡೆನ್‌ನಲ್ಲಿ ಎಲ್ಬೆ ದಡದ ಮನೆಯಲ್ಲಿದ್ದ. ಅದೇ ಮನೆಯಲ್ಲಿ ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಕೂಡ ಇದ್ದ. ದಿನಾ ಕಂಡ ನದಿ ಅದು.

ಕೊಪ್ಪದ ಹುಡುಗಿ:
ಫೋಟೋ ನೋಡಿದೆ ಅಣ್ಣಾ. ನೀರಿನ ಮೇಲಿನ ಹೊಳಪನ್ನು ಸೇತುವೆ ಕಡೆಗೆ ಓರೆಯಾಗಿ ಎಳೆದಿದ್ದೀರಿ. ಅದು ಚಂದ್ರನ ನೇರ ಕೆಳಗೆ, ನೋಡುವವರ ಕಡೆಗೇ ಬರಬೇಕು ಅಲ್ವಾ? ಒಂದೇ ಪಟ್ಟಿ ಬೇಡ, ಅಡ್ಡಡ್ಡ ತುಂಡು ಗೀರುಗಳು ಸಾಕು. ಬೂಸ್ಟಿಗೆ ಕ್ಯಾನ್ವಾಸನ್ನು ಗೋಡೆಗೆ ಒರಗಿಸಬೇಡಿ, ಹಿಂದೆಯೂ ಗಾಳಿ ಆಡಲಿ.

ತುಂಗೆದಂಡೆ:
ಕೆರೆದೆ. ಅರ್ಧ ಡ್ರೆಸ್ಡೆನ್ ಹಳೇ ಪೇಪರಿಗೆ ಹೋಯಿತು.

ನಿನ್ನೆ ರಾತ್ರಿ ಮಳೆ ಬಿಟ್ಟಾಗ ಸೇತುವೆ ಮೇಲೆ ಹೋಗಿ ನಿಂತೆ. ಚಂದ್ರ ಎಲ್ಲಿ ಬರಬೇಕು? ಆದರೆ ದಡದ ಲೈಟಿನ ಹೊಳಪು ನೆಟ್ಟಗೆ ನನ್ನ ಕಡೆಗೇ ಬಂತು. ನಾಲ್ಕು ಹೆಜ್ಜೆ ಸರಿದರೆ ಅದೂ ಸರಿಯಿತು. ತಂಗಿ ಹೇಳಿದ್ದು ಸರಿ. ಹೊಳಪಿನ ಪಕ್ಕದಲ್ಲಿ ತುಂಗೆಯ ಕೆನ್ನೀರು ಕಪ್ಪಾಗಿರಲೇ ಇಲ್ಲ, ಥೇಟ್ ಅಂಬರ್. ಕ್ಯಾನ್ವಾಸ್ ಈಗ ದೇವರ ಕೋಣೆಯಲ್ಲಿದೆ. ಒಲೆ ಕಡೆ ತಂದರೆ ಜೋಕೆ ಅಂತ ಅಮ್ಮ ಹೇಳಿದ್ದಾಳೆ.